ವಂಕಿಯೋ, ಇಂಜೆಕ್ಷನ್ನೋ, ಆಪರೇಷನ್ನೋ: ಬಹುಕಾಲದ ಗರ್ಭನಿರೋಧಕ ಆರಿಸುವ ಮುಂಚೆ

ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭನಿರೋಧಕ ಕ್ಲಿನಿಕ್ ತೆರೆದಿತ್ತು. ಆಗ ಜಗತ್ತಿನಲ್ಲಿ ಯಾವ ಸರ್ಕಾರವೂ ಇಂಥದ್ದಕ್ಕೆ ಕೈಹಾಕುವ ಧೈರ್ಯ ಮಾಡಿರಲಿಲ್ಲ ಎನ್ನುತ್ತಾರೆ. ಅಂಥ ನಾಡಿನಲ್ಲಿ ಇವತ್ತು ಹೆಣ್ಣುಮಕ್ಕಳ ಮುಂದೆ ಬರುವ ಆಯ್ಕೆ ಹೆಚ್ಚಾಗಿ ಒಂದೇ. ಎರಡು ಮಕ್ಕಳಾದವಾ, ಆಪರೇಷನ್ ಮಾಡಿಸಿಬಿಡು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ವಂಕಿ, ಅಂದರೆ ಕಾಪರ್-ಟಿ, ಹಾಕಿಸಿಕೊಂಡವರು ಬೆರಳೆಣಿಕೆಯಷ್ಟು. ಗಂಡಸರ ಆಪರೇಷನ್ ಅಂತೂ ಲೆಕ್ಕಕ್ಕೇ ಸಿಗುವುದಿಲ್ಲ.

ಆಪರೇಷನ್ ಕೆಟ್ಟದ್ದು ಅಂತ ಅಲ್ಲ. ಆದರೆ ಬೇರೆ ದಾರಿಗಳಿವೆ, ಅವುಗಳಲ್ಲಿ ಹಲವು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿಯೇ ಸಿಗುತ್ತವೆ. ಜನ ಅವುಗಳ ಹತ್ತಿರ ಸುಳಿಯದೇ ಇರುವುದಕ್ಕೆ ಮುಖ್ಯ ಕಾರಣ "ಸೈಡ್ ಎಫೆಕ್ಟ್" ಎಂಬ ಭಯ. ಆ ಭಯದಲ್ಲಿ ನಿಜ ಎಷ್ಟು, ಸುಮ್ನೆ ಹಬ್ಬಿದ ಮಾತು ಎಷ್ಟು ಅಂತ ಬಿಡಿಸಿ ನೋಡೋಣ.

ಮೊದಲೇ ಒಂದು ಮಾತು. "ಯಾವುದು ಬೆಸ್ಟ್?" ಎಂಬ ಪ್ರಶ್ನೆಗೆ ಉತ್ತರ ಇಲ್ಲ. ತೊಂದರೆಯೇ ಇಲ್ಲದ ವಿಧಾನ ಯಾವುದೂ ಇಲ್ಲ. ಹಾಗಾಗಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿಕೊಳ್ಳಿ: ಯಾವ ತೊಂದರೆಯ ಜೊತೆ ನಾನು ಬದುಕಬಲ್ಲೆ, ಯಾವುದರ ಜೊತೆ ಆಗುವುದೇ ಇಲ್ಲ? ಇದನ್ನು ಇಟ್ಟುಕೊಂಡು ಹೊರಟರೆ ಆರಿಸುವುದು ಎಷ್ಟೋ ಸುಲಭ.

ಹೆಜ್ಜೆ 1: ಎಷ್ಟು ವರ್ಷಕ್ಕೆ ಬೇಕು?

ಇದನ್ನು ಡಾಕ್ಟರ ಹತ್ತಿರ ಹೋಗುವ ಮುಂಚೆ, ಸಾಧ್ಯವಾದರೆ ಗಂಡ ಹೆಂಡತಿ ಕೂತು ಮಾತಾಡಿ. ಅತ್ತೆ, ಅಮ್ಮ, ಪಕ್ಕದ ಮನೆಯವರು ಆಮೇಲೆ.

ಇನ್ನೊಂದು ವರ್ಷದಲ್ಲಿ ಮಗು ಬೇಕು ಅನ್ನುವ ಹಾಗಿದ್ದರೆ ಮೂರು ತಿಂಗಳ ಇಂಜೆಕ್ಷನ್ ನಿಮಗಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೂರರಿಂದ ಐದು ವರ್ಷದ ಅಂತರ ಬೇಕಿದ್ದರೆ ವಂಕಿ ಅಥವಾ ತೋಳಿಗೆ ಹಾಕುವ ಇಂಪ್ಲಾಂಟ್ ಹೊಂದುತ್ತದೆ. ಇನ್ನು ಮಕ್ಕಳು ಬೇಡವೇ ಬೇಡ, ಆದರೆ ವಯಸ್ಸು ಇನ್ನೂ 25-26 ಅನ್ನುವವರು ನಮ್ಮಲ್ಲಿ ತುಂಬಾ ಇದ್ದಾರೆ. ಅವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆಪರೇಷನ್ ಮಾಡಿಸಿಕೊಂಡವರನ್ನು ಅಮೆರಿಕದಲ್ಲಿ 14 ವರ್ಷದವರೆಗೆ ಹಿಂಬಾಲಿಸಿ ಮಾಡಿದ ಒಂದು ದೊಡ್ಡ ಅಧ್ಯಯನವಿದೆ. 30 ವಯಸ್ಸಿನೊಳಗೆ ಮಾಡಿಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರು ಆಮೇಲೆ ಪಶ್ಚಾತ್ತಾಪ ಪಟ್ಟರು. 30 ದಾಟಿದ ಮೇಲೆ ಮಾಡಿಸಿಕೊಂಡವರಲ್ಲಿ ಅದು ನೂರಕ್ಕೆ ಆರು. ಹತ್ತು ವರ್ಷ ಬಾಳುವ ವಂಕಿ ಇರುವಾಗ ಇಪ್ಪತ್ತೈದಕ್ಕೇ ಶಾಶ್ವತ ತೀರ್ಮಾನಕ್ಕೆ ಅವಸರ ಬೇಕಾ ಅಂತ ನನಗನ್ನಿಸುತ್ತದೆ. ತೀರ್ಮಾನ ನಿಮ್ಮದು.

ಹೆಜ್ಜೆ 2: ನಿಮ್ಮ ಮೈಯ ವಿಚಾರ ಒಂದು ಹಾಳೆಯಲ್ಲಿ ಬರೆಯಿರಿ

ಒಪಿಡಿಯಲ್ಲಿ ಡಾಕ್ಟರಿಗೆ ಸಿಗುವುದು ಎರಡು ಮೂರು ನಿಮಿಷ. ಅಷ್ಟರಲ್ಲಿ ಎಲ್ಲ ನೆನಪಾಗುವುದಿಲ್ಲ. ಹಾಗಾಗಿ ಬರೆದುಕೊಂಡೇ ಹೋಗಿ.

ಮುಟ್ಟು ಎಷ್ಟು ದಿನ ಇರುತ್ತದೆ, ದಿನಕ್ಕೆ ಎಷ್ಟು ಪ್ಯಾಡ್, ಗಡ್ಡೆ ಗಡ್ಡೆಯಾಗಿ ಹೋಗುತ್ತದಾ, ನೋವು ಎಷ್ಟು. ಇದು ಎಲ್ಲಕ್ಕಿಂತ ಮುಖ್ಯ. ಆಮೇಲೆ ಹಿಮೋಗ್ಲೋಬಿನ್ ಎಷ್ಟು. ಕರ್ನಾಟಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಹಾಗಾಗಿ "ನನಗೇನಿಲ್ಲ" ಎಂದುಕೊಳ್ಳದೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಪಿಎಚ್‌ಸಿಯಲ್ಲೇ ಆಗುತ್ತದೆ.

ಬಿಪಿ, ಶುಗರ್ ಇದ್ದರೆ ಬರೆಯಿರಿ. ಮಗುವಿಗೆ ಎದೆಹಾಲು ಕುಡಿಸುತ್ತಿದ್ದೀರಾ, ಮಗುವಿಗೆ ಎಷ್ಟು ತಿಂಗಳು. ಅರ್ಧ ತಲೆನೋವು ಬರುತ್ತದಾ, ಬರುವ ಮುಂಚೆ ಕಣ್ಣ ಮುಂದೆ ಮಿಂಚಿನ ಗೆರೆ ಕಾಣುತ್ತದಾ. ಹಾಗೆ ಕಾಣುವವರಿಗೆ ಈಸ್ಟ್ರೋಜನ್ ಇರುವ ಮಾತ್ರೆ ಕೊಡುವುದಿಲ್ಲ, ಪಾರ್ಶ್ವವಾಯುವಿನ ಅಪಾಯ ಇರುತ್ತದೆ. ಮೊದಲು ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತಾ, ಸ್ತನದ ಕ್ಯಾನ್ಸರ್ ಆಗಿತ್ತಾ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಇದೆ ಅಂತ ಸ್ಕ್ಯಾನಿಂಗಿನಲ್ಲಿ ಬಂದಿತ್ತಾ ಎಂಬುದೂ ಬೇಕು.

ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರನ್ನು ಮರೆಯಬೇಡಿ. ಟಿಬಿಗೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಇವು ಗರ್ಭನಿರೋಧಕ ಮಾತ್ರೆಯ ಮತ್ತು ಇಂಪ್ಲಾಂಟಿನ ಬಲ ತಗ್ಗಿಸುತ್ತವೆ. ವಂಕಿಗೆ ಮತ್ತು ಮೂರು ತಿಂಗಳ ಇಂಜೆಕ್ಷನ್ನಿಗೆ ಈ ತೊಡಕಿಲ್ಲ. ಇದನ್ನು ನೀವಾಗಿ ಹೇಳದಿದ್ದರೆ ಯಾರೂ ಕೇಳದೇ ಹೋಗಬಹುದು.

ಹೆಜ್ಜೆ 3: ರಕ್ತಸ್ರಾವ ಹೇಗೆ ಬದಲಾದರೆ ನಿಮಗೆ ನಡೆಯುತ್ತದೆ?

ಅರ್ಧದಲ್ಲೇ ಬಿಟ್ಟುಬಿಡುವವರನ್ನು ಕೇಳಿ ನೋಡಿ. ಬಹಳ ಮಂದಿ ಹೇಳುವ ಕಾರಣ ಮುಟ್ಟಿನ ಗೊಂದಲವೇ. ಒಂದು ವಿಧಾನದಲ್ಲಿ ಮುಟ್ಟು ಜಾಸ್ತಿಯಾಗುತ್ತದೆ. ಇನ್ನೊಂದರಲ್ಲಿ ಯಾವಾಗ ಬರುತ್ತದೋ ಗೊತ್ತಾಗುವುದಿಲ್ಲ. ಮತ್ತೊಂದರಲ್ಲಿ ನಿಂತೇ ಹೋಗುತ್ತದೆ. ಈ ಮೂರರಲ್ಲಿ ನಿಮಗೆ ಯಾವುದು ಪರವಾಗಿಲ್ಲ?

ಇದು ಬರೀ ವೈದ್ಯಕೀಯ ಪ್ರಶ್ನೆಯಲ್ಲ. ಮುಟ್ಟಾದಾಗ ದೇವರ ಕೋಣೆಗೆ, ಅಡುಗೆಮನೆಗೆ ಹೋಗದ ಮನೆಗಳು ಇನ್ನೂ ಇವೆ. ಅಂಥ ಮನೆಯಲ್ಲಿ ಹತ್ತು ದಿನಕ್ಕೊಮ್ಮೆ ಕಲೆ ಕಾಣಿಸಿಕೊಂಡರೆ ಸೊಸೆಯ ಪಾಡೇನು? ಆ ಪದ್ಧತಿ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ, ಅವಳು ನಾಳೆ ಬೆಳಗ್ಗೆ ಅದೇ ಮನೆಯಲ್ಲಿ ಏಳಬೇಕು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರಿಗೆ ಟಾಯ್ಲೆಟ್ಟಿಗೆ ಹೋಗುವುದಕ್ಕೂ ಸೂಪರ್‌ವೈಸರ್ ಮುಖ ನೋಡಬೇಕು. ಅವರಿಗೆ ಎರಡು ದಿನ ಜಾಸ್ತಿ ಹೋಗುವುದು ದೊಡ್ಡ ತೊಂದರೆಯೇ. ಇನ್ನು ಕೆಲವರಿಗೆ ಮುಟ್ಟು ನಿಂತರೆ ಎದೆ ಧಸಕ್ಕೆನ್ನುತ್ತದೆ, ಬಸಿರಾಯಿತಾ ಅಂತ ತಿಂಗಳು ತಿಂಗಳೂ ಭಯ. ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈಗ ಒಂದೊಂದಾಗಿ ನೋಡೋಣ.

ತಾಮ್ರದ ವಂಕಿ

ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ಬಗೆ ಸಿಗುತ್ತವೆ. ಕಾಪರ್-ಟಿ 380ಎ ಹತ್ತು ವರ್ಷಕ್ಕೆ, ಕಾಪರ್ 375 ಐದು ವರ್ಷಕ್ಕೆ. ಇದರಲ್ಲಿ ಹಾರ್ಮೋನ್ ಇಲ್ಲ. ತಾಮ್ರದ ಅಂಶವೇ ವೀರ್ಯಾಣುವನ್ನು ನಿಷ್ಕ್ರಿಯ ಮಾಡುತ್ತದೆ. ಹಾಕಿದ ಕ್ಷಣದಿಂದ ಕೆಲಸ ಶುರು. ತೆಗೆಸಿದರೆ ಮುಂದಿನ ತಿಂಗಳೇ ಬಸಿರಾಗಬಹುದು. ನೂರು ಮಂದಿ ಬಳಸಿದರೆ ವರ್ಷಕ್ಕೆ ಒಬ್ಬರಿಗಿಂತ ಕಡಿಮೆ ಮಂದಿಗೆ ಗರ್ಭ ನಿಲ್ಲುತ್ತದೆ. ಹೋಲಿಸಿ ನೋಡಿ: ದಿನದ ಮಾತ್ರೆಯಲ್ಲಿ ಅದು ಸುಮಾರು 7, ಕಾಂಡೋಮಿನಲ್ಲಿ 13, ಏನೂ ಬಳಸದಿದ್ದರೆ 85.

ಹಾರ್ಮೋನ್ ಇಲ್ಲದ್ದರಿಂದ ಬಿಪಿ, ಶುಗರ್, ಅರ್ಧ ತಲೆನೋವು ಇರುವವರಿಗೂ, ಎದೆಹಾಲು ಕುಡಿಸುವವರಿಗೂ ಇದು ಆಗುತ್ತದೆ.

ತೊಂದರೆ ಏನು? ಮುಟ್ಟು ಜಾಸ್ತಿಯಾಗುತ್ತದೆ, ಹೊಟ್ಟೆನೋವು ಸೊಂಟನೋವು ಹೆಚ್ಚುತ್ತದೆ. ಮೊದಲ ಮೂರರಿಂದ ಆರು ತಿಂಗಳು ಇದು ಜೋರು, ಆಮೇಲೆ ಬಹಳ ಜನಕ್ಕೆ ತಗ್ಗುತ್ತದೆ. ಆದರೆ ಮೊದಲೇ ದಿನಕ್ಕೆ ಆರೇಳು ಪ್ಯಾಡ್ ಬೇಕಾಗುವವರಿಗೆ, ಹಿಮೋಗ್ಲೋಬಿನ್ ಎಂಟರ ಆಸುಪಾಸಿನಲ್ಲಿ ಇರುವವರಿಗೆ ಇದು ಒಳ್ಳೆಯ ಆಯ್ಕೆಯಲ್ಲ. ಹಾಕಿಸಿಕೊಳ್ಳಲೇಬೇಕು ಎಂದರೆ ಮೊದಲು ರಕ್ತಹೀನತೆಗೆ ಚಿಕಿತ್ಸೆ ಆಗಲಿ, ಆಮೇಲೂ ಕಬ್ಬಿಣಾಂಶದ ಮಾತ್ರೆ ನಿಲ್ಲಿಸಬೇಡಿ. ನೋವಿಗೆ ಐಬುಪ್ರೊಫೆನ್ ಅಥವಾ ಮೆಫೆನಾಮಿಕ್ ಆಸಿಡ್ ಊಟವಾದ ಮೇಲೆ ತೆಗೆದುಕೊಳ್ಳಬಹುದು, ರಕ್ತಸ್ರಾವವನ್ನೂ ಅವು ಸ್ವಲ್ಪ ತಗ್ಗಿಸುತ್ತವೆ. ಗ್ಯಾಸ್ಟ್ರಿಕ್, ಅಲ್ಸರ್ ಇದ್ದರೆ ಕೇಳಿ ತೆಗೆದುಕೊಳ್ಳಿ.

ಇನ್ನೊಂದು ಸಾಧ್ಯತೆ, ವಂಕಿ ತಾನಾಗಿ ಜಾರಿ ಹೊರಗೆ ಬರುವುದು. ಮೊದಲ ವರ್ಷದಲ್ಲಿ, ಅದರಲ್ಲೂ ಮೊದಲ ಕೆಲವು ತಿಂಗಳಲ್ಲಿ ಇದು ಜಾಸ್ತಿ. ಹೆರಿಗೆಯಾದ 48 ಗಂಟೆಯೊಳಗೆ ಹಾಕಿದ ವಂಕಿ ಜಾರುವ ಸಂಭವ ಇನ್ನೂ ಹೆಚ್ಚು. ಹೀಗಿದ್ದೂ ಆಗ ಹಾಕಿಸಿಕೊಳ್ಳುವುದರಲ್ಲಿ ಅನುಕೂಲವಿದೆ, ಇನ್ನೊಮ್ಮೆ ಆಸ್ಪತ್ರೆಗೆ ಅಲೆಯುವುದು ತಪ್ಪುತ್ತದೆ. ಆದರೆ ಬೇಕೋ ಬೇಡವೋ ಎಂಬುದನ್ನು ಏಳನೇ ತಿಂಗಳಲ್ಲೇ ನಿರ್ಧರಿಸಿ ತಾಯಿ ಕಾರ್ಡಿನಲ್ಲಿ ಬರೆಸಿ. ಹೆರಿಗೆ ನೋವಿನ ಮಧ್ಯೆ ಕೇಳುವ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ವಂಕಿ ಹಾಕುವಾಗ ಗರ್ಭಕೋಶಕ್ಕೆ ತೂತಾಗುವುದು ಸಾವಿರಕ್ಕೆ ಒಬ್ಬರಿಗೆ ಆಗುವಂಥದ್ದು. ಸೋಂಕಿನ ಅಪಾಯ ಇರುವುದು ಹೆಚ್ಚಾಗಿ ಹಾಕಿದ ಮೊದಲ ಮೂರು ವಾರ. ವಂಕಿ ಎದೆಗೆ ಏರುತ್ತದೆ, ಗಂಡನಿಗೆ ಚುಚ್ಚುತ್ತದೆ, ಬಂಜೆತನ ಬರುತ್ತದೆ ಎಂಬುದೆಲ್ಲ ಕಟ್ಟುಕಥೆ. ದಾರ ಚುಚ್ಚಿದ ಹಾಗೆ ಅನ್ನಿಸಿದರೆ ನರ್ಸ್ ಅದನ್ನು ಸ್ವಲ್ಪ ಕತ್ತರಿಸಿ ಕೊಡುತ್ತಾರೆ, ಅಷ್ಟೇ.

ಹಾಕುವಾಗ ನೋವಾಗುತ್ತದಾ? ಕೆಲವರಿಗೆ ಸಣ್ಣ ಹಿಂಡು ನೋವು, ಕೆಲವರಿಗೆ ಕಣ್ಣು ಕತ್ತಲೆ ಬರುವಷ್ಟು. "ಏನೂ ಆಗಲ್ಲ ಕಣಮ್ಮ" ಅಂದರೆ ನಂಬಿ ಸುಮ್ಮನಿರಬೇಡಿ. ನೋವು ತಗ್ಗಿಸುವ ದಾರಿಗಳ ಬಗ್ಗೆ ಮೊದಲೇ ಮಾತಾಡಬೇಕು, ಮರಗಟ್ಟಿಸುವ ಔಷಧ ಉಪಯೋಗಕ್ಕೆ ಬರಬಹುದು ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ವೈದ್ಯರಿಗೆ ಹೇಳಿದೆ. ನೀವೂ ಕೇಳಿ.

ಹಾರ್ಮೋನ್ ವಂಕಿ

ಮಿರೇನಾ ಎಂಬ ಹೆಸರಿನಲ್ಲಿ ಹೆಚ್ಚು ಪರಿಚಿತ. ನಮ್ಮಲ್ಲಿ ಸಾಮಾನ್ಯವಾಗಿ ಐದು ವರ್ಷಕ್ಕೆ ಎಂದು ಹಾಕುತ್ತಾರೆ. ಇದು ಹೆಚ್ಚಾಗಿ ಖಾಸಗಿಯಲ್ಲೇ, ಖರ್ಚು ಕೆಲವು ಸಾವಿರ.

ಇದು ತಾಮ್ರದ ವಂಕಿಗೆ ಪೂರ್ತಿ ಉಲ್ಟಾ. ಮೊದಲ ಆರು ತಿಂಗಳು ಯಾವಾಗಂದರೆ ಆಗ ಹನಿ ಹನಿ ಕಲೆ. ಆಮೇಲೆ ಮುಟ್ಟು ತುಂಬಾ ಕಮ್ಮಿಯಾಗುತ್ತದೆ. ಒಂದು ವರ್ಷದ ಹೊತ್ತಿಗೆ ಐವರಲ್ಲಿ ಒಬ್ಬರಿಗೆ ನಿಂತೇ ಹೋಗಿರುತ್ತದೆ. ವಿಪರೀತ ರಕ್ತಸ್ರಾವಕ್ಕೆ ಇದನ್ನು ಚಿಕಿತ್ಸೆಯಾಗಿಯೂ ಕೊಡುತ್ತಾರೆ. ಇಲ್ಲಿ ಒಂದು ಮಾತು ಸೇರಿಸಬೇಕು. ನಮ್ಮ ರಾಜ್ಯದ ಕಲಬುರಗಿ, ಹಾವೇರಿ ಜಿಲ್ಲೆಗಳಲ್ಲಿ ಅಗತ್ಯವಿಲ್ಲದೆ ಗರ್ಭಕೋಶ ತೆಗೆದ ಪ್ರಕರಣಗಳು ದೊಡ್ಡ ಸುದ್ದಿಯಾಗಿದ್ದವು. ಮೂವತ್ತೈದಕ್ಕೇ "ಬ್ಲೀಡಿಂಗ್ ಜಾಸ್ತಿ, ಗರ್ಭಕೋಶ ತೆಗೆಸಿಬಿಡಿ" ಅಂದವರನ್ನು ಮೊದಲು ಕೇಳಬೇಕಾದ್ದು, "ಹಾರ್ಮೋನ್ ವಂಕಿ ಹಾಕಿ ನೋಡಬಹುದಾ ಡಾಕ್ಟ್ರೇ?" ಅಂತ.

ಮೊಡವೆ, ಎದೆ ಬಿಗಿತ, ತಲೆನೋವು, ಮನಸ್ಸು ಮಂಕಾಗುವುದು ಕೆಲವರಿಗೆ ಆಗುತ್ತದೆ. ಅಂಡಾಶಯದಲ್ಲಿ ನೀರುಗುಳ್ಳೆ ಕಾಣಿಸಿಕೊಳ್ಳಬಹುದು, ಹೆಚ್ಚಿನವು ತಾವಾಗಿ ಕರಗುತ್ತವೆ. ಸ್ತನದ ಕ್ಯಾನ್ಸರ್ ಆಗಿದ್ದವರಿಗೆ ಇದೂ ಸೇರಿ ಯಾವ ಹಾರ್ಮೋನ್ ವಿಧಾನವೂ ಬೇಡ.

ಅಂತರಾ ಇಂಜೆಕ್ಷನ್

2017ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿರುವ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಹಾರ್ಮೋನ್ ಇಂಜೆಕ್ಷನ್. ಯಾರಿಗೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಮಾತ್ರೆ ಡಬ್ಬಿ ಇಡುವ ಹಾಗಿಲ್ಲದವರಿಗೆ ಇದೊಂದು ದೊಡ್ಡ ಅನುಕೂಲ. ಹೆರಿಗೆಯಾಗಿ ಆರು ವಾರ ಆದ ಮೇಲೆ ಹಾಲೂಡಿಸುವವರೂ ತೆಗೆದುಕೊಳ್ಳಬಹುದು.

ಆದರೆ ಇದರ ತೊಂದರೆಗಳ ಪಟ್ಟಿ ಸ್ವಲ್ಪ ಉದ್ದವೇ. ಮೊದಲ ತಿಂಗಳುಗಳಲ್ಲಿ ಮುಟ್ಟು ಅಡ್ಡಾದಿಡ್ಡಿ, ಕೆಲವೊಮ್ಮೆ ಎರಡು ವಾರ ಬಿಡದೆ. ಒಂದು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಜನಕ್ಕೆ ಮುಟ್ಟೇ ನಿಲ್ಲುತ್ತದೆ. "ಕೆಟ್ಟ ರಕ್ತ ಒಳಗೇ ಉಳಿಯುತ್ತದೆ" ಎಂದು ಹಿರಿಯರು ಹೆದರಿಸುತ್ತಾರೆ. ಹಾಗೇನಿಲ್ಲ. ಗರ್ಭಕೋಶದ ಒಳಪದರ ಬೆಳೆಯುವುದೇ ಇಲ್ಲ, ಹಾಗಾಗಿ ಹೊರಗೆ ಹೋಗುವುದಕ್ಕೂ ಏನಿರುವುದಿಲ್ಲ. ರಕ್ತಹೀನತೆ ಇರುವವರಿಗೆ ಇದರಿಂದ ಲಾಭವೇ.

ತೂಕ ಏರುವುದು ಮಾತ್ರ ನಿಜ. ಸರಾಸರಿ ವರ್ಷಕ್ಕೆ ಒಂದೆರಡು ಕೆಜಿ. ಬಳಸುವಾಗ ಮೂಳೆಯ ಸಾಂದ್ರತೆ ಸ್ವಲ್ಪ ತಗ್ಗುತ್ತದೆ, ನಿಲ್ಲಿಸಿದ ಮೇಲೆ ಬಹುಪಾಲು ವಾಪಸ್ ಬರುತ್ತದೆ. 2024ರಲ್ಲಿ ಫ್ರಾನ್ಸಿನ ಸಂಶೋಧಕರು, ಇದನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಮೆನಿಂಜಿಯೋಮ ಎಂಬ ಮಿದುಳಿನ ಪೊರೆಯ ಗಡ್ಡೆಯ ಅಪಾಯ ಹೆಚ್ಚಿರುವುದನ್ನು ಗುರುತಿಸಿದರು. ಆ ಗಡ್ಡೆ ಅಪರೂಪದ್ದು, ಹೆಚ್ಚಾಗಿ ಕ್ಯಾನ್ಸರ್ ಅಲ್ಲ. ಹಾಗಾಗಿ ಗಾಬರಿ ಬೇಡ. ಆದರೆ ಮೊದಲೇ ಅಂಥ ಗಡ್ಡೆ ಆಗಿದ್ದವರು ಇದನ್ನು ತೆಗೆದುಕೊಳ್ಳಬಾರದು, ವರ್ಷಗಟ್ಟಲೆ ತೆಗೆದುಕೊಳ್ಳುವವರು ಆಗಾಗ ಡಾಕ್ಟರ ಹತ್ತಿರ ಮಾತಾಡಬೇಕು.

ಮುಖ್ಯ ಸಂಗತಿ ಇದು: ನಿಲ್ಲಿಸಿದ ತಕ್ಷಣ ಮಗು ಆಗುವುದಿಲ್ಲ. ಕೊನೆಯ ಇಂಜೆಕ್ಷನ್ ಆದ ಮೇಲೆ ಗರ್ಭ ಧರಿಸಲು ಸರಾಸರಿ ಹತ್ತು ತಿಂಗಳು ಹಿಡಿಯುತ್ತದೆ. ಬಂಜೆತನ ಬರುವುದಿಲ್ಲ, ತಡ ಅಷ್ಟೇ. ಆದರೆ ಹೊಸದಾಗಿ ಮದುವೆಯಾದ, "ಏನೂ ವಿಶೇಷ ಇಲ್ವಾ" ಎಂದು ತಿಂಗಳಿಗೊಮ್ಮೆ ಕೇಳುವ ಮನೆಯ ಸೊಸೆಗೆ ಆ ಹತ್ತು ತಿಂಗಳು ಬಹಳ ಉದ್ದ.

ಇನ್ನೊಂದು: ಇಂಜೆಕ್ಷನ್ ಮೈಗೆ ಹೋಯಿತು ಎಂದರೆ ಹೋಯಿತು. ವಂಕಿಯನ್ನಾದರೆ ತೆಗೆಯಬಹುದು, ಇದನ್ನು ತೆಗೆಯಲು ಆಗುವುದಿಲ್ಲ. ಒಗ್ಗದಿದ್ದರೆ ಮೂರು ತಿಂಗಳು ತಡೆದುಕೊಳ್ಳಲೇಬೇಕು. ಜೊತೆಗೆ ತಾರೀಖು ತಪ್ಪಿಸಬಾರದು. ಹೇಳಿದ ದಿನಕ್ಕಿಂತ ಎರಡು ವಾರ ಮುಂಚೆ ಅಥವಾ ನಾಲ್ಕು ವಾರ ತಡವಾಗಿ ಹೋದರೂ ಕೊಡುತ್ತಾರೆ, ಅದಕ್ಕಿಂತ ತಡವಾದರೆ ಗರ್ಭವಿಲ್ಲ ಎಂದು ಖಚಿತ ಮಾಡಿಕೊಂಡೇ ಮುಂದಿನದು. ಜಾತ್ರೆ, ಹಬ್ಬ, ತವರುಮನೆ ಅಂತ ತಾರೀಖು ತಪ್ಪುವುದರಿಂದಲೇ ಇದರ ಸೋಲು ವರ್ಷಕ್ಕೆ ನೂರಕ್ಕೆ ನಾಲ್ಕರಷ್ಟಿದೆ. ಹಾಕಿದ ಜಾಗ ಉಜ್ಜಬೇಡಿ, ಶಾಖ ಕೊಡಬೇಡಿ. ಬಿಪಿ ತುಂಬಾ ಏರಿದ್ದರೆ, ಶುಗರ್‌ನಿಂದ ಕಣ್ಣು ಮೂತ್ರಪಿಂಡಕ್ಕೆ ತೊಂದರೆಯಾಗಿದ್ದರೆ ಬೇರೆ ದಾರಿ ನೋಡಿ.

ಇಂಪ್ಲಾಂಟ್

ಬೆಂಕಿಕಡ್ಡಿಯಷ್ಟು ಗಾತ್ರದ, ಹಾರ್ಮೋನ್ ಇರುವ ಮೆತ್ತನೆಯ ಕಡ್ಡಿ. ಮೇಲ್ತೋಳಿನ ಒಳಭಾಗದಲ್ಲಿ ಚರ್ಮದ ಕೆಳಗೆ, ಮರಗಟ್ಟಿಸಿ ಹಾಕುತ್ತಾರೆ. ಮೂರು ವರ್ಷ ಕೆಲಸ ಮಾಡುತ್ತದೆ. ಸೋಲುವುದು ಸಾವಿರಕ್ಕೆ ಒಂದು ಎನ್ನುವಷ್ಟು ಅಪರೂಪ. ಕರ್ನಾಟಕವೂ ಸೇರಿ ಕೆಲವು ರಾಜ್ಯಗಳ ಆಯ್ದ ಜಿಲ್ಲೆಗಳಲ್ಲಿ ಸರ್ಕಾರ ಇದನ್ನು ಶುರು ಮಾಡಿದೆ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಕೇಳಿ ನೋಡಿ. ತೊಂದರೆ ಮತ್ತದೇ, ಮುಟ್ಟು ಯಾವಾಗ ಬರುತ್ತದೆ ಎಂದು ಹೇಳಲಾಗದು. ಮೂರು ವರ್ಷವೂ ಹಾಗೇ ಇರಬಹುದು. ತೆಗೆಯಲು ಸಣ್ಣ ಗಾಯ ಮಾಡಬೇಕಾಗುತ್ತದೆ, ಕಲಿತವರೇ ತೆಗೆಯಬೇಕು.

ಆಪರೇಷನ್, ಇಬ್ಬರದ್ದೂ

ಹೆಂಗಸರ ಆಪರೇಷನ್ನಿನಲ್ಲಿ ಹಾರ್ಮೋನ್ ಇಲ್ಲ, ಮುಟ್ಟು ಬದಲಾಗುವುದಿಲ್ಲ. "ಆಪರೇಷನ್ ಆದ ಮೇಲೆ ಬ್ಲೀಡಿಂಗ್ ಜಾಸ್ತಿಯಾಯಿತು, ಸೊಂಟ ಬಿದ್ದುಹೋಯಿತು" ಎಂಬ ಮಾತು ಊರೂರಲ್ಲಿ ಕೇಳುತ್ತೇವೆ. ಇದನ್ನು ವರ್ಷಗಟ್ಟಲೆ ಪರೀಕ್ಷಿಸಿ ನೋಡಿದ್ದಾರೆ. ಆಪರೇಷನ್ನಿನಿಂದ ಮುಟ್ಟು ಕೆಡುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಆದರೆ ಇದು ಹೊಟ್ಟೆ ಕೊಯ್ದು ಮಾಡುವ ಶಸ್ತ್ರಚಿಕಿತ್ಸೆ ಎಂಬುದು ಮರೆತು ಹೋಗಬಾರದು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದ ಕ್ಯಾಂಪ್‌ಗಳಲ್ಲಿ ಆಪರೇಷನ್ ಆದ ಹೆಂಗಸರಲ್ಲಿ ಹದಿಮೂರು ಮಂದಿ ತೀರಿಕೊಂಡರು. 2016ರಲ್ಲಿ ಸುಪ್ರೀಂ ಕೋರ್ಟು ಕ್ಯಾಂಪ್ ಪದ್ಧತಿಯನ್ನೇ ನಿಲ್ಲಿಸುವಂತೆ ಹೇಳಿತು. ಮಾಡಿಸುವುದಾದರೆ ಸರಿಯಾದ ಆಪರೇಷನ್ ಥಿಯೇಟರ್ ಇರುವ ಆಸ್ಪತ್ರೆಯಲ್ಲೇ ಮಾಡಿಸಿ.

ಸರ್ಕಾರಿ ನಿಯಮದ ಪ್ರಕಾರ ಹೆಂಗಸಿಗೆ 22 ತುಂಬಿರಬೇಕು, ಒಂದು ವರ್ಷ ದಾಟಿದ ಮಗುವಾದರೂ ಇರಬೇಕು. ಗಂಡನ ಸಹಿ ಕಡ್ಡಾಯವಲ್ಲ. ಕೇಳಿದರೆ ಇದನ್ನು ನೆನಪಿಸಿ. ಆಪರೇಷನ್ ಆದ ಮೇಲೂ ಅಪರೂಪಕ್ಕೆ ಗರ್ಭ ನಿಲ್ಲುವುದುಂಟು. ಸರ್ಕಾರಿ ಯೋಜನೆಯಲ್ಲಿ ಅದಕ್ಕೆ ಪರಿಹಾರವಿದೆ, ಸರ್ಟಿಫಿಕೇಟ್ ಮತ್ತು ಕಾಗದ ಜೋಪಾನವಾಗಿಡಿ.

ಗಂಡಸರ ಆಪರೇಷನ್ ಇದಕ್ಕಿಂತ ಎಷ್ಟೋ ಸಲೀಸು. ಎನ್‌ಎಸ್‌ವಿ ವಿಧಾನದಲ್ಲಿ ಕೊಯ್ಯುವುದೂ ಇಲ್ಲ, ಹೊಲಿಗೆಯೂ ಇಲ್ಲ. ಮರಗಟ್ಟಿಸಿ ಸಣ್ಣ ತೂತಿನಿಂದ ಮಾಡಿ ಮುಗಿಸುತ್ತಾರೆ, ಅದೇ ದಿನ ಮನೆಗೆ. ಎರಡು ದಿನ ಬಿಟ್ಟು ಹಗುರ ಕೆಲಸ ಮಾಡಬಹುದು. ಶಕ್ತಿ ಹೋಗುವುದಿಲ್ಲ, ಗಂಡಸುತನ ಹೋಗುವುದಿಲ್ಲ, ವೀರ್ಯವೂ ಮೊದಲಿನಂತೆಯೇ ಬರುತ್ತದೆ. ಆದರೆ ಮೂರು ತಿಂಗಳು ಕಾಂಡೋಮ್ ಬಳಸಲೇಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ವೀರ್ಯಾಣು ಇಲ್ಲವೆಂದು ಖಚಿತವಾದ ಮೇಲೆಯೇ ನಿಶ್ಚಿಂತೆ. ಇದನ್ನು ಹೇಳದೆ ಕಳಿಸುವುದರಿಂದ ಆಗುವ ಎಡವಟ್ಟಿಗೆ ಹೆಂಡತಿಯ ಮೇಲೆ ಅನುಮಾನ ಪಟ್ಟ ಸಂಸಾರಗಳುಂಟು. 1975-77ರ ತುರ್ತು ಪರಿಸ್ಥಿತಿಯ ಬಲವಂತದ ಆಪರೇಷನ್ನುಗಳ ನೆನಪು ಈ ವಿಧಾನಕ್ಕೆ ಅಂಟಿಕೊಂಡಿದೆ, ಅದು ಅರ್ಥವಾಗುವಂಥದ್ದು. "ಗಂಡಸು ದುಡಿಯೋನು, ಅವನಿಗ್ಯಾಕೆ" ಎನ್ನುವುದು ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹೆಂಡತಿ ದುಡಿಯುವುದಿಲ್ಲವಾ?

ಹೆಜ್ಜೆ 4: ತೊಂದರೆಗಳನ್ನು ಮೂರು ಗುಂಪು ಮಾಡಿ

ಆಸ್ಪತ್ರೆಯಲ್ಲಿ ಕೊಟ್ಟ ಚೀಟಿಯಲ್ಲೋ ಯೂಟ್ಯೂಬಿನಲ್ಲೋ ಇಪ್ಪತ್ತು ಅಡ್ಡಪರಿಣಾಮಗಳು ಸಾಲಾಗಿ ಕಾಣುತ್ತವೆ. ಎಲ್ಲವೂ ಒಂದೇ ತೂಕದವಲ್ಲ.

ಮೊದಲ ಗುಂಪು, ಶುರುವಿನಲ್ಲಿ ಕಾಡಿ ಆಮೇಲೆ ತಗ್ಗುವುವು. ವಂಕಿಯ ನೋವು, ಹಾರ್ಮೋನ್ ವಂಕಿಯ ಕಲೆ ಇಂಥವು. ಇವಕ್ಕೆ ಆರು ತಿಂಗಳು ಅವಕಾಶ ಕೊಡಬಹುದು. ಕೊಡಲೇಬೇಕು ಅಂತಲ್ಲ.

ಎರಡನೆಯದು, ಇರುವಷ್ಟು ಕಾಲವೂ ಇರಬಹುದಾದವು. ಇಂಜೆಕ್ಷನ್ನಿನ ತೂಕ, ಇಂಪ್ಲಾಂಟಿನ ಅಡ್ಡಾದಿಡ್ಡಿ ಮುಟ್ಟು. ಇವು ಸರಿಹೋಗುತ್ತವೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ, ಒಪ್ಪಿಕೊಳ್ಳಬೇಕು ಇಲ್ಲವೇ ವಿಧಾನ ಬದಲಿಸಬೇಕು.

ಮೂರನೆಯದು ಅಪರೂಪದ ಆದರೆ ಗಂಭೀರವಾದವು. ಸಂಖ್ಯೆ ಕೇಳುವುದು ಇಲ್ಲೇ ಮುಖ್ಯ. "ಅಪಾಯ ಹೆಚ್ಚು" ಅಂದರೆ ಎಷ್ಟರಿಂದ ಎಷ್ಟಕ್ಕೆ? ಹಾರ್ಮೋನ್ ವಿಧಾನಗಳಲ್ಲಿ ಸ್ತನದ ಕ್ಯಾನ್ಸರಿನ ಸಂಭವ ಸ್ವಲ್ಪ ಏರುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಚಿಕ್ಕ ವಯಸ್ಸಿನಲ್ಲಿ ಆ ರೋಗವೇ ಕಡಿಮೆ, ಹಾಗಾಗಿ ಏರಿಕೆಯೂ ಸಣ್ಣದು. ಅಮ್ಮನಿಗೋ ಅಕ್ಕನಿಗೋ ಆ ಕ್ಯಾನ್ಸರ್ ಬಂದಿದ್ದರೆ ಮೊದಲೇ ಹೇಳಿ, ಡಾಕ್ಟರ ಜೊತೆ ಕೂತು ತೂಗಿ ನೋಡಿ.

ತಕ್ಕಡಿಯ ಇನ್ನೊಂದು ಬದಿಯಲ್ಲಿ ಬೇಡದ ಬಸಿರು ಇದೆ, ಅದನ್ನು ಖಾಲಿ ಬಿಡಬೇಡಿ. ರಕ್ತಹೀನತೆ, ಬಿಪಿ, ಹೆರಿಗೆಯಲ್ಲಿನ ರಕ್ತಸ್ರಾವ, ಅಬಾರ್ಷನ್ ಇವೂ ಮೈಗೆ ಆಗುವ ತೊಂದರೆಗಳೇ. ವಿಧಾನ ಸೋತು ಗರ್ಭ ನಿಂತರೆ 20 ವಾರದವರೆಗೆ ಕಾನೂನುಬದ್ಧವಾಗಿ ಗರ್ಭಪಾತ ಮಾಡಿಸಬಹುದು. 2021ರ ತಿದ್ದುಪಡಿಯ ನಂತರ ಇದಕ್ಕೆ ಮದುವೆಯಾಗಿರಬೇಕು ಎಂಬ ನಿರ್ಬಂಧವೂ ಇಲ್ಲ.

ಹೆಜ್ಜೆ 5: ಹಾಕಿಸಿಕೊಳ್ಳುವ ಮುಂಚೆ ಇದನ್ನು ಕೇಳಿ

"ನನಗೆ ಒಗ್ಗದಿದ್ದರೆ ಯಾರು ತೆಗೆಯುತ್ತಾರೆ, ಎಲ್ಲಿ, ಯಾವ ದಿನ?"

ಹಾಕುವುದಕ್ಕೆ ಎಲ್ಲರೂ ಸಿದ್ಧ, ತೆಗೆಯುವುದಕ್ಕೆ ಬಂದಾಗ "ಇನ್ನೊಂದು ಸ್ವಲ್ಪ ದಿನ ನೋಡಮ್ಮ" ಎಂದು ಮೂರು ಸಲ ವಾಪಸ್ ಕಳಿಸುತ್ತಾರೆ. ಕಾರಣ ಹೇಳಿ ಒಪ್ಪಿಸಬೇಕಾದ ಅಗತ್ಯ ನಿಮಗಿಲ್ಲ. ಬೇಡ ಅಂದರೆ ಬೇಡ. ನಿಮ್ಮ ಊರಿಗೆ ಹತ್ತಿರ ತೆಗೆಯುವವರು ಯಾರೂ ಇಲ್ಲದ ವಿಧಾನವನ್ನು, ಅದು ಎಷ್ಟೇ ಒಳ್ಳೆಯದಿರಲಿ, ನಾನಂತೂ ಶಿಫಾರಸು ಮಾಡುವುದಿಲ್ಲ.

ಎಂದಿನಿಂದ ಕೆಲಸ ಶುರು ಎಂದೂ ಕೇಳಿ. ತಾಮ್ರದ ವಂಕಿ ತಕ್ಷಣ. ಇಂಜೆಕ್ಷನ್, ಇಂಪ್ಲಾಂಟ್, ಹಾರ್ಮೋನ್ ವಂಕಿಯನ್ನು ಮುಟ್ಟಿನ ಮೊದಲ ದಿನಗಳಲ್ಲಿ ಹಾಕಿಸದಿದ್ದರೆ ಏಳು ದಿನ ಕಾಂಡೋಮ್ ಬೇಕು. ಲೈಂಗಿಕ ಸೋಂಕು ತಡೆಯುವುದು ಕಾಂಡೋಮ್ ಒಂದೇ, ಉಳಿದ ಯಾವುದೂ ಅಲ್ಲ.

ಇಷ್ಟೆಲ್ಲ ಓದಿ "ಯಾವುದೂ ಬೇಡ, ಒಂದು ಮಾತ್ರೆ ಸಾಕು" ಅನ್ನಿಸಿದರೆ ಛಾಯಾ ಇದೆ. ಲಖನೌದ ಸಿಡಿಆರ್‌ಐ ಸಂಸ್ಥೆಯಲ್ಲಿ ನಮ್ಮವರೇ ಕಂಡುಹಿಡಿದ, ಸಾಮಾನ್ಯ ಮಾತ್ರೆಗಳಲ್ಲಿರುವ ಹಾರ್ಮೋನ್ ಇಲ್ಲದ ಮಾತ್ರೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಮುಟ್ಟು ತಡವಾಗುತ್ತದೆ. ಪಿಸಿಓಡಿ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಹೊಂದುವುದಿಲ್ಲ.

ಹೆಜ್ಜೆ 6: ಮೊದಲ ಆರು ತಿಂಗಳು

ಗೋಡೆಯ ಕ್ಯಾಲೆಂಡರಿನಲ್ಲಿ ರಕ್ತ ಕಂಡ ದಿನಕ್ಕೆ ಒಂದು ಗುರುತು, ಜಾಸ್ತಿ ಹೋದ ದಿನಕ್ಕೆ ಎರಡು. ಅಷ್ಟು ಸಾಕು. "ತುಂಬಾ ಹೋಗುತ್ತೆ ಡಾಕ್ಟ್ರೇ" ಎನ್ನುವುದಕ್ಕಿಂತ ಆ ಹಾಳೆ ತೋರಿಸಿದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ವಂಕಿಯಾದರೆ ಮೊದಲ ಮುಟ್ಟಾದ ಮೇಲೆ ಅಥವಾ ನಾಲ್ಕಾರು ವಾರಕ್ಕೆ ಒಮ್ಮೆ ತೋರಿಸಿ. ದಾರ ಕೈಗೆ ಸಿಗದಿದ್ದರೆ ಸ್ಕ್ಯಾನ್ ಆಗುವವರೆಗೆ ಕಾಂಡೋಮ್ ಬಳಸಿ. ದಾರವನ್ನು ನೀವೇ ಎಳೆಯಬೇಡಿ.

ಕೆಲವು ಲಕ್ಷಣಗಳಿಗೆ ಕ್ಯಾಲೆಂಡರ್ ಹಿಡಿದು ಕಾಯಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಿಬ್ಬೊಟ್ಟೆಯಲ್ಲಿ ಜೋರು ನೋವು, ಜ್ವರ, ವಾಸನೆಯ ಬಿಳಿ ಹೋಗುವುದು. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ. ಇಂಪ್ಲಾಂಟ್ ಹಾಕಿದ ಜಾಗ ಕೆಂಪಾಗಿ ಕೀವು ಬರುವುದು. ಒಂದೇ ಕಾಲು ಊದಿ ನೋಯುವುದು, ಎದೆನೋವು, ಉಸಿರು ಕಟ್ಟುವುದು, ಹಿಂದೆಂದೂ ಬರದಂಥ ತಲೆನೋವು, ದೃಷ್ಟಿ ಮಂಜಾಗುವುದು. ವಂಕಿ ಇದ್ದೂ ಅಥವಾ ಆಪರೇಷನ್ ಆಗಿದ್ದೂ ಮುಟ್ಟು ತಪ್ಪಿ, ಒಂದು ಪಕ್ಕಕ್ಕೆ ನೋವು ಬಂದು ತಲೆಸುತ್ತಿದರೆ ಒಂದು ಕ್ಷಣವೂ ತಡ ಮಾಡಬೇಡಿ. ಗರ್ಭ ನಾಳದಲ್ಲಿ ನಿಂತಿರಬಹುದು, ನಾಳ ಒಡೆದರೆ ಜೀವಕ್ಕೇ ಅಪಾಯ.

ಮನಸ್ಸಿನ ಬಗ್ಗೆಯೂ ಗಮನವಿರಲಿ. ಹಾರ್ಮೋನ್ ಶುರುವಾದ ಮೇಲೆ ಸುಮ್ಮಸುಮ್ಮನೆ ಅಳು ಬರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ವಾರಗಟ್ಟಲೆ ಇದ್ದರೆ ಹೇಳಿಕೊಳ್ಳಿ. ಬಾಣಂತನದ ಸುಸ್ತು, ನಿದ್ದೆಗೇಡು, ಹಾರ್ಮೋನ್ ಇವುಗಳಲ್ಲಿ ಯಾವುದರಿಂದ ಹೀಗಾಯಿತು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಸಹಿಸಿಕೊಂಡು ಇರಬೇಕಾದ ಕಾರಣವಿಲ್ಲ.

ವಂಕಿ, ಇಂಪ್ಲಾಂಟ್ ಹಾಕಿದ ಕಾರ್ಡಿನಲ್ಲಿ ಯಾವ ಬಗೆ, ಹಾಕಿದ ದಿನ, ತೆಗೆಯಬೇಕಾದ ವರ್ಷ ಮೂರೂ ಇದೆಯಾ ನೋಡಿಕೊಳ್ಳಿ. ಕಾರ್ಡ್ ಕಳೆದುಹೋಗುವುದು ಮಾಮೂಲು, ಒಂದು ಫೋಟೋ ತೆಗೆದು ಫೋನಿನಲ್ಲಿಡಿ. ಅವಧಿ ಮುಗಿದ ದಿನ ಹಳೆಯದನ್ನು ತೆಗೆದು ಅದೇ ಹೊತ್ತಿಗೆ ಹೊಸದು ಹಾಕಿಸಿಕೊಳ್ಳಬಹುದು, ನಡುವೆ ಬಿಡುವು ಕೊಡಬೇಕು ಎಂಬ ಮಾತಿಗೆ ಆಧಾರವಿಲ್ಲ. ನಲವತ್ತು ದಾಟಿದ ಮೇಲೆ ಹಾಕಿಸಿದ ತಾಮ್ರದ ವಂಕಿಯಾದರೆ ಮುಟ್ಟು ನಿಲ್ಲುವವರೆಗೂ ಅದೇ ಸಾಕಾಗಬಹುದು, ಬದಲಿಸುವ ಮುಂಚೆ ಡಾಕ್ಟರನ್ನು ಕೇಳಿ.